ಬೆಳಕು ಹೋದಷ್ಟೇ ಆಳ

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು 17 ವರ್ಷವಾಯಿತು. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ನಾಲ್ಕು ತಿಂಗಳಿಂದ ಹುಣ್ಣಿದೆ. ಕೀವಿನ ಕಲ್ಚರ್ ವರದಿಯಲ್ಲಿ ಎಂಆರ್‌ಎಸ್‌ಎ ಮತ್ತು ಸ್ಯೂಡೊಮೊನಾಸ್ ಎಂದು ಎರಡು ಬ್ಯಾಕ್ಟೀರಿಯಾಗಳ ಹೆಸರಿದೆ. ಔಷಧಗಳ ಪಟ್ಟಿಯ ಮುಂದೆ ಬಹುತೇಕ ‘ಆರ್’ ಎಂದೇ ಬರೆದಿದೆ. ಜೆಲ್ ಹಚ್ಚಿ ಬೆಳಕು ಬಿಟ್ಟರೆ ಇಂಥ ಬ್ಯಾಕ್ಟೀರಿಯಾಗಳೂ ನಿಮಿಷಗಳಲ್ಲಿ ಸಾಯುತ್ತವೆ ಎಂಬ ವಿಡಿಯೊ ನೋಡಿದೆವು. ಇಲಿಯ ಬೆನ್ನಿನ ಗಾಯ ಕೆಲವೇ ದಿನಗಳಲ್ಲಿ ಮಾಯುವುದನ್ನು ಅದರಲ್ಲಿ ತೋರಿಸಿದ್ದರು. ಇದು ನಿಜವೇ? ತಾಯಿಗೆ ಮಾಡಿಸಬಹುದೇ? ತಮ್ಮ ಆಗಲೇ ಕೆಂಪು ಎಲ್‌ಇಡಿ ದೀಪವೊಂದನ್ನು ತರಿಸಿಕೊಂಡಿದ್ದಾನೆ. ಅರಿಶಿನ ಹಚ್ಚಿ ಆ ಬೆಳಕು ಬಿಡೋಣವೇ ಎನ್ನುತ್ತಿದ್ದಾನೆ.
(ದಾವಣಗೆರೆಯ ಓದುಗರು)

ಉತ್ತರ: ಮೊದಲು ದೀಪದ ಮಾತು, ಏಕೆಂದರೆ ಅದು ಇವತ್ತು ರಾತ್ರಿಯೇ ನಡೆದುಬಿಡಬಹುದು. ಬೇಡ ಎಂದು ತಮ್ಮನಿಗೆ ಹೇಳಿ. ಏಕೆಂಬುದನ್ನು ಮುಂದೆ ಲೆಕ್ಕ ಸಮೇತ ವಿವರಿಸುತ್ತೇನೆ. ವಿಡಿಯೊದವರು ಸುಳ್ಳು ಹೇಳಿದರೇ ಎಂದರೆ, ಇಲ್ಲ. ನಿಜವನ್ನೇ ಹೇಳಿದ್ದಾರೆ, ಅರ್ಧಕ್ಕೆ ನಿಲ್ಲಿಸಿದ್ದಾರೆ. ಉಳಿದರ್ಧವೇ ನಿಮ್ಮ ತಾಯಿಯ ಕಾಲಿಗೆ ಸಂಬಂಧಪಟ್ಟದ್ದು.

ವರದಿಯಲ್ಲಿರುವ ‘ಆರ್’ ನೋಡಿ ನಿಮ್ಮ ಮನೆಯವರು ಹೆದರಿದ್ದೀರಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಆ ಹಾಳೆಯನ್ನು ತೀರ್ಪಿನ ಪ್ರತಿಯಂತೆ ಹಿಡಿದುಕೊಂಡೇ ಬರುತ್ತಾರೆ. ಆ ಅಕ್ಷರಕ್ಕಿರುವುದು ಸೀಮಿತ ಅರ್ಥ: ಈ ಔಷಧವನ್ನು ನುಂಗಿಸಿದರೂ ಚುಚ್ಚಿದರೂ ಈ ಬ್ಯಾಕ್ಟೀರಿಯಾ ಸಾಯುವ ಭರವಸೆಯಿಲ್ಲ, ಅಷ್ಟೆ. ಪ್ರತಿಯೊಂದು ಪ್ರತಿಜೀವಕವೂ ಬ್ಯಾಕ್ಟೀರಿಯಾದ ಯಾವುದೋ ಒಂದು ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಪೆನಿಸಿಲಿನ್ ವಂಶದ ಔಷಧಗಳು ಅದರ ಗೋಡೆ ಕಟ್ಟುವ ಮೇಸ್ತ್ರಿಯ ಕೈ ಹಿಡಿದುಕೊಳ್ಳುತ್ತವೆ. ಎಂಆರ್‌ಎಸ್‌ಎ (ಪೆನಿಸಿಲಿನ್ ವಂಶದ ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ) ಮಾಡಿಕೊಂಡ ಉಪಾಯವೆಂದರೆ ಔಷಧದ ಹಿಡಿತಕ್ಕೆ ಸಿಗದ ಇನ್ನೊಬ್ಬ ಮೇಸ್ತ್ರಿಯನ್ನು ಇಟ್ಟುಕೊಂಡದ್ದು. ಸ್ಯೂಡೊಮೊನಾಸ್‌ನದು ಬೇರೆ ದಾರಿ. ಒಳಗೆ ಬಂದ ಔಷಧವನ್ನು ಪಂಪ್ ಹಚ್ಚಿ ಹೊರಗೆ ಚೆಲ್ಲುತ್ತದೆ, ಔಷಧ ನುಸುಳುವ ಬಾಗಿಲುಗಳನ್ನು ಮುಚ್ಚಿಕೊಳ್ಳುತ್ತದೆ. ಎರಡೂ ಒಂದೊಂದು ಬಗೆಯ ಔಷಧಕ್ಕೆ ಕಂಡುಕೊಂಡ ಒಂದೊಂದು ತಂತ್ರ.

ಬೆಳಕಿನ ಜೆಲ್ ಈ ಆಟವನ್ನೇ ಆಡುವುದಿಲ್ಲ. ಜೆಲ್‌ನಲ್ಲಿರುವುದು ಒಂದು ಬಣ್ಣ. ಆ ಬಣ್ಣದ ಕಣ ಬೆಳಕನ್ನು ಹೀರಿ, ಹೀರಿದ ಶಕ್ತಿಯನ್ನು ಪಕ್ಕದಲ್ಲಿರುವ ಸಾಮಾನ್ಯ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ಉಸಿರಾಡುವ ಆಮ್ಲಜನಕ ಸಾಧು. ಈ ಶಕ್ತಿ ತಗುಲಿದ್ದು ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಸುಡುತ್ತದೆ: ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎ, ಎಲ್ಲವನ್ನೂ. ನೀರಿನಲ್ಲಿ ಅದರ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂರೋ ನಾಲ್ಕೋ ಭಾಗ. ಜೀವಕೋಶದೊಳಗೆ ಅದಕ್ಕಿಂತಲೂ ಕಡಿಮೆ. ಹೀಗಾಗಿ ಅದು ಹುಟ್ಟಿದ ಜಾಗದ ಅಕ್ಕಪಕ್ಕವನ್ನಷ್ಟೇ ಸುಟ್ಟು ಆರಿಹೋಗುತ್ತದೆ. ಯಾವ ಮೇಸ್ತ್ರಿ, ಎಷ್ಟು ಪಂಪು ಎಂದು ಅದು ವಿಚಾರಿಸುವುದಿಲ್ಲ. ಪ್ರಯೋಗಾಲಯದಲ್ಲಿ ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎಯೂ ಬಗ್ಗುವ ಅದರ ಸೋದರನೂ ಇದರ ಮುಂದೆ ಹೆಚ್ಚುಕಡಿಮೆ ಒಂದೇ ರೀತಿ ಸಾಯುತ್ತವೆ. ವಿಡಿಯೊ ಹೇಳಿದ ನಿಜ ಇದು, ಮತ್ತು ಇದು ಸಣ್ಣ ವಿಷಯವಲ್ಲ. 2019ರಲ್ಲಿ ಪ್ರತಿಜೀವಕಗಳಿಗೆ ಬಗ್ಗದ ಸೋಂಕುಗಳಿಂದಲೇ ಜಗತ್ತಿನಲ್ಲಿ 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಹೊಸ ಪ್ರತಿಜೀವಕಗಳು ಬರುವ ವೇಗ ನೋಡಿದರೆ ಬೇರೆ ದಾರಿ ಹುಡುಕುವುದು ಹುಚ್ಚಲ್ಲ.

ದಾರಿ ಹೊಸದೂ ಅಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಹರ್ಮನ್ ಫಾನ್ ಟಾಪೈನರ್ ಅವರ ಪ್ರಯೋಗಾಲಯದಲ್ಲಿ, ಅಕ್ರಿಡಿನ್ ಎಂಬ ಬಣ್ಣದ ದ್ರಾವಣದಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಸಾಯುವ ಸಮಯವನ್ನು ಅಳೆಯುತ್ತಿದ್ದ. ಅದೇ ದ್ರಾವಣ, ಅದೇ ಜೀವಿ, ಆದರೂ ಒಂದು ದಿನ ಬೇಗ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಬದುಕಿದವು. ತಾಳೆ ಹಾಕಿ ನೋಡಿದರೆ, ಅವು ಉಳಿದುಕೊಂಡ ದಿನ ಹೊರಗೆ ಗುಡುಗು ಮಳೆಯ ಮೋಡ ಕವಿದಿತ್ತು! ಕೊಲ್ಲುತ್ತಿದ್ದುದು ಬರಿಯ ಬಣ್ಣವಲ್ಲ, ಬರಿಯ ಬೆಳಕೂ ಅಲ್ಲ, ಎರಡರ ಕೂಟ. 1900ರಲ್ಲಿ ಇದು ಪ್ರಕಟವಾಯಿತು. 1903ರಲ್ಲಿ ಟಾಪೈನರ್ ಮತ್ತು ಸಂಗಡಿಗರು ಎಓಸಿನ್ ಎಂಬ ಬಣ್ಣ ಹಚ್ಚಿ ಬೆಳಕು ಬಿಟ್ಟು ಚರ್ಮದ ಗೆಡ್ಡೆಗಳಿಗೆ ಚಿಕಿತ್ಸೆ ಮಾಡಿ ನೋಡಿದರು. ಅದೇ ವರ್ಷ ಡೆನ್ಮಾರ್ಕಿನ ನೀಲ್ಸ್ ಫಿನ್‌ಸೆನ್ ಅವರಿಗೆ ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕೆ ನೊಬೆಲ್ ಬಂತು. ಆಮೇಲೆ ಪೆನಿಸಿಲಿನ್ ಬಂದು ಎಲ್ಲರೂ ಇದನ್ನು ಮರೆತರು. ಪೆನಿಸಿಲಿನ್ ಸೋಲತೊಡಗಿದ ಮೇಲೆ ಈಗ ಹಳೆಯ ಪೆಟ್ಟಿಗೆ ತೆರೆದು ನೋಡುತ್ತಿದ್ದೇವೆ.

ಈಗ ತಮ್ಮನ ದೀಪಕ್ಕೆ ಬರುತ್ತೇನೆ. ಒಂದು ವಸ್ತು ಯಾವ ಬಣ್ಣವಾಗಿ ಕಾಣುತ್ತದೋ ಆ ಬಣ್ಣದ ಬೆಳಕನ್ನು ಅದು ನಮಗೆ ಬಿಟ್ಟುಕೊಡುತ್ತಿದೆ, ಉಳಿದದ್ದನ್ನು ನುಂಗುತ್ತಿದೆ ಎಂದರ್ಥ. ಅರಿಶಿನ ಹಳದಿ ಕಾಣುವುದು ಅದರ ಕರ್ಕ್ಯುಮಿನ್ ನೀಲಿ ಬೆಳಕನ್ನು ನುಂಗುವುದರಿಂದ. ಸುಮಾರು 420ರಿಂದ 430 ನ್ಯಾನೊಮೀಟರ್ ತರಂಗಾಂತರದ ಬೆಳಕು ಅದಕ್ಕೆ ಪ್ರಿಯ. ಇಂಥ ಜೆಲ್‌ಗಳಲ್ಲಿ ಬಳಸುವ ಮಿಥಿಲೀನ್ ಬ್ಲೂ ಎಂಬ ಬಣ್ಣ ನೀಲಿ ಕಾಣುವುದು ಕೆಂಪನ್ನು, ಅಂದರೆ 660ರ ಆಸುಪಾಸಿನ ಬೆಳಕನ್ನು ನುಂಗುವುದರಿಂದ. ಅರಿಶಿನದ ಮೇಲೆ ಕೆಂಪು ಬೆಳಕು ಬಿಟ್ಟರೆ ಅರಿಶಿನ ಅದನ್ನು ಮೂಸಿಯೂ ನೋಡುವುದಿಲ್ಲ. ಸಂಶೋಧಕರು ಕರ್ಕ್ಯುಮಿನ್‌ ಮತ್ತು ನೀಲಿ ಬೆಳಕಿನ ಮೇಲೆ ಬೇಕಾದಷ್ಟು ಕೆಲಸ ಮಾಡಿದ್ದಾರೆ, ಆದರೆ ಅವರು ಬಳಸುವುದು ಶುದ್ಧೀಕರಿಸಿದ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗದೆ ಕಾಡುತ್ತದೆಂದು ಅವರೇ ಒದ್ದಾಡುತ್ತಿರುತ್ತಾರೆ. ಅಡುಗೆಮನೆಯ ಡಬ್ಬಿಯ ಅರಿಶಿನ ಪುಡಿಯಲ್ಲಿ ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾಗಳ ಬೀಜಕಣಗಳೂ ಇರುತ್ತವೆ. ಸಾರಿನಲ್ಲಿ ಕುದಿಸುವಾಗ ಯಾರೂ ಲೆಕ್ಕಿಸುವುದಿಲ್ಲ. ತೆರೆದ ಹುಣ್ಣಿಗೆ ತುಂಬುವಾಗ ಲೆಕ್ಕಿಸಲೇಬೇಕು.

ದೀಪದ ಶಕ್ತಿಯದು ಇನ್ನೊಂದು ಲೆಕ್ಕ. ಗಾಯದ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಜೂಲ್ ಬೆಳಕು ಬಿತ್ತು ಎಂಬುದೇ ಇಲ್ಲಿ ಡೋಸ್. ಗಾಯಗಳ ಪ್ರಯೋಗಗಳಲ್ಲಿ ಅದು 50–60 ಜೂಲ್‌ಗಳ ಆಸುಪಾಸಿನಲ್ಲಿರುವುದು ಸಾಮಾನ್ಯ. ಚದರ ಸೆಂಟಿಮೀಟರಿಗೆ 50 ಮಿಲಿವಾಟ್ ಬೀಳಿಸುವ ದೀಪವಿದ್ದರೆ 60 ಜೂಲ್‌ಗೆ 20 ನಿಮಿಷ ಸಾಕು. ಸ್ವಲ್ಪ ದೂರದಲ್ಲಿಟ್ಟ ಸಾಧಾರಣ ದೀಪದಿಂದ 5 ಮಿಲಿವಾಟ್ ಮಾತ್ರ ಬೀಳುತ್ತಿದ್ದರೆ ಅದಕ್ಕೇ 3 ಗಂಟೆ 20 ನಿಮಿಷ ಬೇಕು. ತಮ್ಮ ತರಿಸಿದ ಪೆಟ್ಟಿಗೆಯ ಮೇಲೆ ವಾಟ್ ಬರೆದಿರುತ್ತದೆ. ಆದರೆ ಅದು ದೀಪ ಕುಡಿಯುವ ಕರೆಂಟಿನ ಲೆಕ್ಕ, ಗಾಯಕ್ಕೆ ಬೀಳುವ ಬೆಳಕಿನದಲ್ಲ. ಇನ್ನು, ಸಂವೇದನೆ ಸತ್ತ ಪಾದದ ಹತ್ತಿರ ಬಿಸಿಯಾಗುವ ಯಾವುದನ್ನೂ ತರಬೇಡಿ. ಬಿಸಿನೀರಿನ ಚೀಲದಿಂದ ಪಾದ ಸುಟ್ಟುಕೊಂಡು, ಬೊಬ್ಬೆ ಎದ್ದ ಮೇಲೆ ಗೊತ್ತಾಗಿ ಬಂದವರನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇನೆ.

ಮೀನಿನ ತೊಟ್ಟಿಗೆ ಹಾಕುವ ಮಿಥಿಲೀನ್ ಬ್ಲೂ ತರಿಸೋಣ ಎಂಬುದು ಅವನ ಮುಂದಿನ ಯೋಚನೆಯಾಗಿರಬಹುದು, ಅದನ್ನೂ ಇಲ್ಲೇ ತಡೆಯುತ್ತೇನೆ. ಅದು ಔಷಧದ ಶುದ್ಧತೆಯದಲ್ಲ. ಬಣ್ಣ ಹೆಚ್ಚು ಸುರಿದರೆ ಪರಿಣಾಮ ಹೆಚ್ಚುತ್ತದೆ ಎಂಬುದೂ ತಪ್ಪು. ದಟ್ಟವಾದಾಗ ಬಣ್ಣದ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ, ಮೇಲಿನ ಪದರ ಕೆಳಗಿನದಕ್ಕೆ ಕೊಡೆ ಹಿಡಿಯುತ್ತದೆ.

ಇಲ್ಲಿಯೇ ಜೆಲ್‌ನ ಮಹತ್ವವಿರುವುದು, ಮತ್ತು ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗವೂ ಇದೇ. ಬಣ್ಣದ ನೀರನ್ನು ಹುಣ್ಣಿಗೆ ಸುರಿದರೆ ಹರಿದು ಬ್ಯಾಂಡೇಜು ಸೇರುತ್ತದೆ. ಜೆಲ್ ಬಣ್ಣವನ್ನು ಸಮನಾಗಿ ಹರಡಿ, ತೇವ ಆರದಂತೆ ಹಿಡಿದಿಡುತ್ತದೆ. ಸಂಶೋಧನೆಯಲ್ಲಿ ಬಳಸುವ ಪೊಲೊಕ್ಸಾಮರ್ ಎಂಬ ಪದಾರ್ಥದ ಜೆಲ್ ಫ್ರಿಜ್‌ನಲ್ಲಿ ನೀರಾಗಿದ್ದು ಮೈಯ ಬಿಸಿಗೆ ಗಟ್ಟಿಯಾಗುತ್ತದೆ, ನಾವು ಮನೆಯಲ್ಲಿ ಮಾಡುವ ಜೆಲ್ಲಿಗೆ ಪೂರ್ತಿ ಉಲ್ಟಾ. ಹುಣ್ಣಿನ ಮೂಲೆಮುಡುಕಿಗೆಲ್ಲ ಹರಿದು ಆಮೇಲೆ ಕೂರುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್‌ ಜೆಲ್‌ಗೆ ಧನ ವಿದ್ಯುದಂಶವಿರುತ್ತದೆ, ಬ್ಯಾಕ್ಟೀರಿಯಾದ ಮೈಗೆ ಋಣ. ಹೀಗಾಗಿ ಅದು ಅವಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ. ನಿಮ್ಮ ವರದಿಯ ಸ್ಯೂಡೊಮೊನಾಸ್‌ಗೆ ಈ ಅಂಶ ಮುಖ್ಯ. ಅದು ಗ್ರಾಂ ನೆಗೆಟಿವ್ ಗುಂಪಿನದು, ಮೈಗೆ ಹೆಚ್ಚುವರಿ ಹೊರಪೊರೆಯಿದೆ. ವಿದ್ಯುದಂಶವಿಲ್ಲದ ಬಣ್ಣಗಳನ್ನು ಅದು ಬಾಗಿಲಲ್ಲೇ ನಿಲ್ಲಿಸುತ್ತದೆ. ಧನ ಅಂಶವಿರುವ ಬಣ್ಣಗಳು ಆ ಪೊರೆಯನ್ನು ಸಡಿಲಿಸಿಕೊಂಡು ನುಗ್ಗುತ್ತವೆ. ಆದರೂ ಎಂಆರ್‌ಎಸ್‌ಎಯಷ್ಟು ಸುಲಭವಾಗಿ ಸ್ಯೂಡೊಮೊನಾಸ್ ಸಾಯುವುದಿಲ್ಲ.

ಜೆಲ್‌ಗೂ ತೊಡಕುಗಳಿವೆ. ತೀರ ಗಟ್ಟಿಯಾದರೆ ಬಣ್ಣ ಅದರಿಂದ ಹೊರಬರುವುದಿಲ್ಲ, ಆಮ್ಲಜನಕ ಒಳಗಿಳಿಯುವುದಿಲ್ಲ. ಆಮ್ಲಜನಕ ಖಾಲಿಯಾದ ಮೇಲೆ ಎಷ್ಟು ಬೆಳಕು ಬಿಟ್ಟರೂ ಉಪಯೋಗವಿಲ್ಲ. ಅದಕ್ಕೇ ಕೆಲವರು ದೀಪವನ್ನು ಬಿಟ್ಟು ಬಿಟ್ಟು ಉರಿಸಿ, ನಡುವೆ ಆಮ್ಲಜನಕ ಮರಳಲು ಸಮಯ ಕೊಡುತ್ತಾರೆ. ಉರಿಸುತ್ತಾ ಹೋದಂತೆ ಬಣ್ಣವೂ ಮಾಸುತ್ತದೆ. ಮಾಸಿದರೆ ಆ ಸುತ್ತು ಮುಗಿಯಿತು.

ವಿಡಿಯೊ ಬಿಟ್ಟ ಅರ್ಧಕ್ಕೆ ಈಗ ಬಂದೆವು. ಇಲಿಯ ಚರ್ಮ ಸಡಿಲ. ಅದರಡಿ ತೆಳು ಸ್ನಾಯುವಿನ ಪದರವಿದ್ದು, ಗಾಯವನ್ನು ಸುತ್ತಲಿಂದ ಎಳೆದು ಜೋಳಿಗೆಯ ಬಾಯಿಯಂತೆ ಮುಚ್ಚಿಬಿಡುತ್ತದೆ. ಸಂಶೋಧಕರು ಏನೂ ಹಚ್ಚದ ಆರೋಗ್ಯವಂತ ಇಲಿಯ ಗಾಯವೂ ಎರಡು ವಾರದ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಮನುಷ್ಯರ ಅಂಗಾಲು ಹಾಗೆ ಮುಚ್ಚುವುದಿಲ್ಲ, ತಳದಿಂದ ಹೊಸ ಮಾಂಸ ಬೆಳೆದು, ಅಂಚಿನಿಂದ ಚರ್ಮ ತೆವಳಿಕೊಂಡು ಬರಬೇಕು. ಇಲಿಯ ಪ್ರಯೋಗ ಬೇಡವೆಂದಲ್ಲ. ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿನ ಇಂದೋರಿನ ಸಂಶೋಧನಾ ಕೇಂದ್ರದವರು ಸ್ಯೂಡೊಮೊನಾಸ್ ಸೋಂಕು ತಗುಲಿದ ಇಲಿಗಳ ಗಾಯದ ಮೇಲೆ ಇಂಥ ಬಣ್ಣವೊಂದನ್ನು ಪರೀಕ್ಷಿಸಿ, ಗಾಯ ಬೇಗ ಮಾಯುವುದನ್ನು 2013ರಲ್ಲೇ ತೋರಿಸಿದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಅಲ್ಲಿಂದ ನಿಮ್ಮ ತಾಯಿಯ ಪಾದಕ್ಕೆ ಬಸ್ಸು ನೇರವಾಗಿ ಹೋಗುವುದಿಲ್ಲ. ಇನ್ನೊಂದು ಮಾತು: ‘ಬೆಳಕಿನ ಜೆಲ್’ ಎಂಬ ಶೀರ್ಷಿಕೆಯಡಿ ಚಿನ್ನದ ನ್ಯಾನೊಕಣ ಸೇರಿಸಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ಬಿಸಿ ಮಾಡಿ ಬ್ಯಾಕ್ಟೀರಿಯಾವನ್ನು ಬೇಯಿಸುವ ಜೆಲ್‌ಗಳೂ ಬರುತ್ತವೆ. ಅದು ಬೇರೆಯೇ ಪಂಗಡ. ಸುದ್ದಿಯವರು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಮನುಷ್ಯರ ಮೇಲೆ ನಡೆದದ್ದೇನು? ನಿಮ್ಮ ತಾಯಿಯಂಥವರ ಮೇಲೆಯೇ ನಡೆದ ಒಂದು ಅಧ್ಯಯನ 2014ರಲ್ಲಿ ಇಟಲಿಯಿಂದ ಪ್ರಕಟವಾಯಿತು. ಡಾಂಟೆ ಎಂದು ಅದರ ಹೆಸರು. ಸೋಂಕು ತಗುಲಿದ ಮಧುಮೇಹದ ಪಾದದ ಹುಣ್ಣಿದ್ದ 62 ಜನರಲ್ಲಿ ಕೆಲವರಿಗೆ ಸತುವಿನ ಥ್ಯಾಲೊಸಯನಿನ್ ಎಂಬ ಬಣ್ಣದ ಜೆಲ್, ಮೂರು ಪ್ರಮಾಣಗಳಲ್ಲಿ, ಉಳಿದವರಿಗೆ ಔಷಧವಿಲ್ಲದ ಜೆಲ್ ಹಚ್ಚಿ, ಒಮ್ಮೆ ಬೆಳಕು ಬಿಟ್ಟರು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಬೆಳಕು ಬಿಟ್ಟ ಕೂಡಲೇ ಬ್ಯಾಕ್ಟೀರಿಯಾ ಸರಾಸರಿ ಸಾವಿರಕ್ಕೊಂದರಷ್ಟಕ್ಕೆ ಇಳಿಯಿತು. ಔಷಧವಿಲ್ಲದ ಜೆಲ್ ಗುಂಪಿನಲ್ಲಿ ಹತ್ತಕ್ಕೊಂದರಷ್ಟಕ್ಕೆ. ಸಾವಿರಕ್ಕೊಂದು ಎಂಬುದು ಕೇಳಲು ಭರ್ಜರಿ. ಆದರೆ ಹುಣ್ಣಿನಲ್ಲಿ ಹತ್ತು ಕೋಟಿ ಇದ್ದರೆ ಇನ್ನೂ ಒಂದು ಲಕ್ಷ ಉಳಿದಿರುತ್ತವೆ, ಮತ್ತು ಅವು ಸುಮ್ಮನೆ ಕೂರುವ ಜಾತಿಯಲ್ಲ. ಮುಂದಿನ ದಿನಗಳಲ್ಲಿ ಎರಡು ಗುಂಪಿನ ಅಂತರ ಕರಗುತ್ತಾ ಹೋಯಿತೆಂದು ಆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಕಟ್ಟೆಯ ಮೇಲಿನ ಹುಲ್ಲು ಕೊಯ್ದಂತೆ, ಬೇರು ಮಣ್ಣಿನಲ್ಲಿತ್ತು. ಅದರ ಹಿಂದಿನ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಿಥಿಲೀನ್ ಬ್ಲೂ ವಂಶದ ಬಣ್ಣವೊಂದನ್ನು 50 ಜೂಲ್ ಕೆಂಪು ಬೆಳಕಿನೊಂದಿಗೆ 32 ಜನರ ಮೇಲೆ ಪರೀಕ್ಷಿಸಿದರು. ಮೂರು ತಿಂಗಳಲ್ಲಿ, ಕಾಲಿನ ಹಳೆಯ ಹುಣ್ಣಿದ್ದವರ ಪೈಕಿ ಚಿಕಿತ್ಸೆ ಪಡೆದ ಎಂಟು ಜನರಲ್ಲಿ ನಾಲ್ವರಿಗೆ ಪೂರ್ತಿ ಮಾಯಿತು, ಪಡೆಯದ ಎಂಟು ಜನರಲ್ಲಿ ಒಬ್ಬರಿಗೆ. ಆಸೆ ಹುಟ್ಟಿಸುವ ಅಂಕಿ, ಆದರೆ ಎಂಟು ಜನರ ಮೇಲೆ ಕಟ್ಟಬಹುದಾದ್ದು ಆಸೆಯನ್ನು ಮಾತ್ರ.

ಈ ವಿದ್ಯೆ ನಿಜವಾಗಿ ಗೆದ್ದಿರುವುದು ಇದಕ್ಕಿಂತ ತೆಳುವಾದ ಜಾಗಗಳಲ್ಲಿ. ಕೆನಡಾದ ವ್ಯಾಂಕೂವರ್‌ನಲ್ಲಿ 2011ರಿಂದ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗಳ ಮೂಗಿನ ಹೊಳ್ಳೆಗೆ ಮಿಥಿಲೀನ್ ಬ್ಲೂ ಸವರಿ ಕೆಂಪು ಬೆಳಕು ಬಿಟ್ಟು, ಮೈಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಒರೆಸಿದರು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ನೂರಕ್ಕೆ 2.7ರಿಂದ 1.6ಕ್ಕೆ ಇಳಿಯಿತು. ಮೂಗಿನ ಒಳಚರ್ಮ ತೆಳು, ಬ್ಯಾಕ್ಟೀರಿಯಾ ಮೇಲ್ಮೈಯಲ್ಲೇ ಇರುತ್ತವೆ, ಬೆಳಕು ಅಲ್ಲಿಗೆ ಸಲೀಸಾಗಿ ತಲುಪುತ್ತದೆ.

ನಿಮ್ಮ ತಾಯಿಯ ಹುಣ್ಣಿನಲ್ಲಿ ತಲುಪುತ್ತದೆಯೇ? ನೀಲಿ ಬೆಳಕು ಮಾಂಸದೊಳಗೆ ಒಂದು ಮಿಲಿಮೀಟರ್ ಇಳಿದರೆ ಹೆಚ್ಚು, ರಕ್ತವೇ ಅದನ್ನು ಕುಡಿದುಬಿಡುತ್ತದೆ. ಕೆಂಪು ಬೆಳಕು ಕೆಲವು ಮಿಲಿಮೀಟರ್. ಹೆಬ್ಬೆರಳಿನ ಬುಡದ ಮೂಳೆ ಅಲ್ಲಿಂದ ಬಹಳ ದೂರವಿಲ್ಲ ನಿಜ, ಆದರೆ ಮೂಳೆಯೊಳಗೆ ಸೇರಿದ ಬ್ಯಾಕ್ಟೀರಿಯಾವನ್ನು ಬಣ್ಣವೂ ಮುಟ್ಟುವುದಿಲ್ಲ, ಬೆಳಕೂ ಮುಟ್ಟುವುದಿಲ್ಲ. ನಾಲ್ಕು ತಿಂಗಳ ಹುಣ್ಣೆಂದರೆ ನಾನು ಮೊದಲು ಕೇಳುವುದು ಮೂಳೆಯನ್ನೇ. ವೈದ್ಯರು ಶುದ್ಧವಾದ ಲೋಹದ ಕಡ್ಡಿಯಿಂದ ಹುಣ್ಣಿನ ತಳ ಮುಟ್ಟಿ ನೋಡಿದರೇ? ಗಟ್ಟಿಯಾಗಿ ‘ಟಕ್’ ಎಂದರೆ ಮೂಳೆಗೆ ಸೋಂಕು ತಗುಲಿರುವ ಸಾಧ್ಯತೆ ಹೆಚ್ಚು. ಎಕ್ಸ್-ರೇ ಆಗಿದೆಯೇ? ಮೊದಲ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಏನೂ ಕಾಣದಿರಬಹುದು, ನಾಲ್ಕು ತಿಂಗಳಲ್ಲಿ ಸಾಮಾನ್ಯವಾಗಿ ಕಾಣುತ್ತದೆ.

ಕಲ್ಚರ್‌ಗೆ ಕೊಟ್ಟದ್ದು ಮೇಲಿನ ಕೀವಿನಲ್ಲಿ ಅದ್ದಿದ ಹತ್ತಿಯೋ, ಕೆರೆದು ತೊಳೆದ ಮೇಲೆ ತಳದಿಂದ ತೆಗೆದ ಮಾಂಸದ ಚೂರೋ? ಹತ್ತಿಗೆ ಅಂಟಿಕೊಂಡು ಬರುವುದು ಮೇಲೆ ಬಿಡಾರ ಹೂಡಿದವರೆಲ್ಲ. ಅಲ್ಲಿನ ‘ಆರ್’ ಪಟ್ಟಿ ನಿಜವಾದ ಅಪರಾಧಿಯದಲ್ಲದೆ ಇರಬಹುದು. ಹುಣ್ಣಿನ ಸುತ್ತ ಕೆಂಪು, ಬಾವು, ಬಿಸಿ, ಕೀವು ಇಲ್ಲದಿದ್ದರೆ ವರದಿಯಲ್ಲಿ ಬ್ಯಾಕ್ಟೀರಿಯಾ ಇದೆ ಎಂಬ ಒಂದೇ ಕಾರಣಕ್ಕೆ ಪ್ರತಿಜೀವಕ ಕೊಡಬಾರದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ನಿಮ್ಮಲ್ಲಿ ಕೀವಿದೆ ಎಂದಿದ್ದೀರಿ, ಹಾಗಾಗಿ ವೈದ್ಯರು ಕೊಟ್ಟದ್ದನ್ನು ನಿಲ್ಲಿಸಬೇಡಿ.

ಪಾದದ ನಾಡಿ ಸಿಗುತ್ತದೆಯೇ ಎಂದು ಕೇಳಿ. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತ ಸಾಕಷ್ಟು ಇಳಿಯುತ್ತಿಲ್ಲ. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳ ಗಡುಸಾಗಿ ಆ ಅಂಕಿ ಸುಳ್ಳುಸುಳ್ಳೇ ಚೆನ್ನಾಗಿ ಕಾಣುವುದೂ ಉಂಟು, ಆದ್ದರಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿ. ರಕ್ತ ಬಾರದ ಕಡೆ ಆಮ್ಲಜನಕವೂ ಬಾರದು. ಆಮ್ಲಜನಕವಿಲ್ಲದೆ ಬೆಳಕಿನ ಜೆಲ್ ಕೂಡ ಬರೀ ಬಣ್ಣ.

ಎಲ್ಲಕ್ಕಿಂತ ಹೆಚ್ಚಾಗಿ, ಹುಣ್ಣಿರುವ ಜಾಗ ನನಗೆ ಅನುಮಾನ ತರುತ್ತಿದೆ. ಹೆಬ್ಬೆರಳಿನ ಬುಡ ನಾವು ಹೆಜ್ಜೆ ಎತ್ತುವಾಗ ಇಡೀ ಮೈಭಾರ ಬೀಳುವ ಜಾಗ. ವೆಲ್ಲೂರಿನಲ್ಲಿ 1940ರ ದಶಕದಿಂದ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದ ಪಾಲ್ ಬ್ರಾಂಡ್ ಜಗತ್ತಿಗೆ ತೋರಿಸಿಕೊಟ್ಟದ್ದು ಇದನ್ನೇ: ನೋವು ತಿಳಿಯದ ಪಾದ ಅದೇ ಜಾಗವನ್ನು ಮತ್ತೆ ಮತ್ತೆ ತುಳಿದು ಕೊಲ್ಲುತ್ತದೆ. ನಿಮ್ಮ ತಾಯಿ ದಿನವೂ ಡ್ರೆಸ್ಸಿಂಗ್ ಮಾಡಿಸಿಕೊಂಡು ಅದೇ ಕಾಲಿನಲ್ಲಿ ಅಡುಗೆಮನೆ, ಬಚ್ಚಲು, ದೇವರಮನೆ ಎಂದು ಬರಿಗಾಲಲ್ಲಿ ಓಡಾಡುತ್ತಿದ್ದರೆ ಜೆಲ್ಲೂ ವ್ಯರ್ಥ, ಚುಚ್ಚುಮದ್ದೂ ವ್ಯರ್ಥ. ಭಾರ ತಪ್ಪಿಸುವ ಪ್ಲಾಸ್ಟರ್ ಕಟ್ಟು ಇಂಥ ಹುಣ್ಣಿಗೆ ನಮ್ಮಲ್ಲಿರುವ ಅತ್ಯುತ್ತಮ ಚಿಕಿತ್ಸೆಗಳಲ್ಲೊಂದು, ಆದರೆ ರಕ್ತಸಂಚಾರ ಮತ್ತು ಸೋಂಕು ಹತೋಟಿಯಲ್ಲಿದ್ದರೆ ಮಾತ್ರ. ಮಾಯಿದ ಮೇಲೆ ಮನೆಯೊಳಗೂ ಎಂಸಿಆರ್ (ಮೆತ್ತನೆಯ ರಬ್ಬರಿನ ಅಟ್ಟೆಯ) ಚಪ್ಪಲಿ. ದೇವರಮನೆಗೆಂದೇ ಬೇರೆ ಜೊತೆ ಇಟ್ಟರೆ ಹಿರಿಯರು ಒಪ್ಪುತ್ತಾರೆ, ನನ್ನ ಅನುಭವದ ಮಾತು.

ಹಾಗಾದರೆ ಬೆಳಕಿನ ಜೆಲ್ ಮಾಡಿಸಬಹುದೇ? ನಮ್ಮ ಆಸ್ಪತ್ರೆಗಳ ದಿನನಿತ್ಯದ ಗಾಯದ ಚಿಕಿತ್ಸೆಯಲ್ಲಿ ಅದು ಸೇರಿಲ್ಲ. ಮುಂದೆ ಅದರ ಸ್ಥಾನ ಎಲ್ಲಿ ಎಂದು ಕೇಳಿದರೆ, ಸತ್ತ ಮಾಂಸ ಕೆರೆದು ತೆಗೆದ ದಿನ, ತಳ ಕೆಂಪಗೆ ತೆರೆದಿರುವಾಗ, ವಾರಕ್ಕೆ ಒಂದೆರಡು ಬಾರಿ ಮೇಲ್ಮೈ ತೊಳೆಯುವ ಸಾಧನವಾಗಿ ಎಂದು ನನ್ನ ಊಹೆ. ಪ್ರತಿಜೀವಕದ ಬದಲಿಗಲ್ಲ, ಪ್ರತಿಜೀವಕದ ದಿನಗಳನ್ನು ಕಡಿಮೆ ಮಾಡಲು. ಯಾರಾದರೂ ಪ್ರಯೋಗದ ಭಾಗವಾಗಿ ಕೊಡುತ್ತೇವೆ ಎಂದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಕೇಳಿ. 2009ರಿಂದ ಅದು ಕಡ್ಡಾಯ. ಸಂಖ್ಯೆ ಕೊಡದೆ ಪ್ಯಾಕೇಜಿನ ದರ ಹೇಳುವವರಿಂದ ಎದ್ದು ಬನ್ನಿ.

ಜ್ವರ ಬಂದರೆ, ಹುಣ್ಣು ನಾರತೊಡಗಿದರೆ, ಬೆರಳು ಕಪ್ಪಾದರೆ, ಸುತ್ತಲಿನ ಕೆಂಪು ಅಂಚಿನಿಂದ ಎರಡು ಸೆಂಟಿಮೀಟರ್ ದಾಟಿದರೆ ನಾಳೆಗೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಡಗಾಲನ್ನೂ ಪ್ರತಿ ರಾತ್ರಿ ನೋಡಿ, ಬೆರಳುಗಳ ಸಂದು ಸಮೇತ. ಆ ಕೆಲಸವನ್ನು ತಮ್ಮನಿಗೇ ವಹಿಸಬಹುದು. ಆದರೆ ಅದಕ್ಕೂ ಅವನ ದೀಪ ಬೇಡ, ಮನೆಯ ಬಿಳಿ ಟ್ಯೂಬ್‌ಲೈಟ್ ಹಾಕಲಿ. ಕೆಂಪು ಬೆಳಕಿನಲ್ಲಿ ಚರ್ಮದ ಕೆಂಪು ಕಾಣುವುದಿಲ್ಲ.